ಮಗುಚಿ ಹೊಲಿದದ್ದು

ಜಾಕ್ಮೆಲ್ ಬಂದರು, ಸೆಂ ದೊಮೆಂಗ್, ೧೭೭೪

ಕೋಟು ಹಳತಾದರೆ ಎಸೆಯುವುದಿಲ್ಲ ನಾವು.
ಹೊಲಿಗೆ ಬಿಚ್ಚಿ, ಬಟ್ಟೆ ಮಗುಚಿ,
ಬಿಸಿಲು ಕಾಣದ ಒಳಮೈ ಹೊರಗೆ ಮಾಡಿ
ಮತ್ತೆ ಹೊಲಿಯುತ್ತೇವೆ.
ಈ ಊರಲ್ಲಿ ಅದು ನನ್ನ ಕಸುಬು,
ಕೋಟಿಗೆ ಮೂರು ಬೆಳ್ಳಿ ಬಿಲ್ಲೆ, ಯಾರು ತಂದರೂ.
ಬಟ್ಟೆಯ ಬಣ್ಣ ಬಿಟ್ಟು
ಬೇರೆ ಬಣ್ಣ ನಾನು ಕೇಳುವುದಿಲ್ಲ.

ಆವತ್ತು ಮಗನ ಕೈಹಿಡಿದು ನೋಟರಿಯ ಕಚೇರಿಗೆ ಹೋದೆ.
ಜೀನು ಹೊಲಿಯುವವನ ಬಳಿ ಐದು ವರ್ಷ
ಹುಡುಗನನ್ನು ಬಿಡುವ ಕರಾರು.
ಮೊಹರಿನ ಕಾಗದಕ್ಕೆ ದುಡ್ಡು ಮೊದಲೇ ಎಣಿಸಿಟ್ಟಿದ್ದೆ.
ಗರಿಯ ತುದಿ ಕೆತ್ತುತ್ತ ಗುಮಾಸ್ತ ಕೇಳಿದ: ಹೆಸರು?

ಉರ್ಸೂಲ್ ಲುಜಾಕ್, ಅಂದೆ.

ಗರಿ ನಿಂತಿತು.
ಲುಜಾಕ್ ಬಿಳಿಯರ ಹೆಸರು, ಅಂದ,
ಹೊರಗೆ ಮೋಡವಾಗಿದೆ ಅನ್ನುವಷ್ಟು ಸಲೀಸಾಗಿ.
ಹೊಸ ಆಜ್ಞೆ ಬಂದಿದೆ.
ನಿಮ್ಮಂಥವರು ಅದನ್ನು ಇಟ್ಟುಕೊಳ್ಳಕೂಡದು.
ಆಫ್ರಿಕದ್ದು ಒಂದು ಹೇಳು.
ಇಲ್ಲವೋ, ಕಸುಬಿನದ್ದು. ಅದೂ ಇಲ್ಲವೋ, ನಿನ್ನ ಬಣ್ಣದ್ದು.

ಅಪ್ಪ ಸತ್ತು ಆರು ವರ್ಷ.
ಬೆಟ್ಟದ ಮೇಲೆ ಕಾಫಿ ಬೆಳೆಸಿದ, ಅಂದರೆ ಬಡಿದು ಬೆಳೆಸಿದ.
ಅಮ್ಮನನ್ನು ಕೊಂಡ. ಹನ್ನೊಂದು ವರ್ಷದ ಮೇಲೆ
ಅವಳ ಬಿಡುಗಡೆಯ ಸುಂಕವನ್ನೂ ಕಟ್ಟಿದ.
ಎರಡಕ್ಕೂ ರಸೀದಿ ಇದೆ, ಒಂದೇ ಡಬ್ಬಿಯಲ್ಲಿ.
ಅವನು ನಿಮಗೇನಾಗಬೇಕು ಎಂದು ಯಾರಾದರೂ ಕೇಳಿದರೆ
ಯಾವುದನ್ನು ತೋರಿಸಬೇಕೋ ಇವತ್ತಿಗೂ ತಿಳಿಯದು.

ಓದು ಕಲಿಸಿದವನೂ ಅವನೇ,
ಕಾಫಿ ಮೂಟೆಯ ಮೇಲೆ ಬಳಿದ ತನ್ನ ಹೆಸರಿನಿಂದ,
ಒಂದೊಂದೇ ಅಕ್ಷರ ಬೆರಳಲ್ಲಿ ತಿದ್ದಿಸಿ.
ಖಾಲಿ ಚೀಲದೊಳಗೆ ಹೊಕ್ಕು ನಾನು ಅಡಗಿಕೊಂಡಾಗ
ನೂಲಿನ ಸಂದಿಯ ಬೆಳಕಲ್ಲಿ ಅದೇ ಹೆಸರು
ಹಿಂದುಮುಂದಾಗಿ ಕಾಣುತ್ತಿತ್ತು.

ಬೋರ್ದೋದಲ್ಲಿ ಒಬ್ಬ ಅಣ್ಣನಿದ್ದಾನೆ.
ಅವನಿಗೂ ನನ್ನದೇ ಮೂಗಂತೆ.
ಉಯಿಲಿನಲ್ಲಿ ನನಗೆ ಬರೆದದ್ದು
ಒಂದು ಮಂಚ, ಎರಡು ಹಸು, ಒಂದು ಕೋಟು.
ಅಣ್ಣನ ವಕೀಲ ಮಂಚ ಒಯ್ದ, ಹಸು ಹೊಡೆದುಕೊಂಡು ಹೋದ.
ಕೋಟು ಎತ್ತಿ ನೋಡಿ, ಹಳತು, ಅಂದ.

ಆಫ್ರಿಕದ್ದು ಒಂದು ಹೇಳು.
ಎಲ್ಲಿಂದ ತರಲಿ?
ಅಜ್ಜಿಗೊಂದು ಹೆಸರಿತ್ತು, ಇದ್ದೇ ಇತ್ತು.
ಹಡಗು ಇಳಿಯುವಾಗ ಅವಳು ಮಾರ್ತ್.
ತೋಳಿನ ಮೇಲೆ ಕಾದ ಕಬ್ಬಿಣ ಬರೆದದ್ದೂ
ಇನ್ಯಾರದೋ ಮೊದಲಕ್ಷರ.
ಸುಲಿದುಕೊಂಡವರೇ ಈಗ ಮೇಜಿನಾಚೆ ಕೂತು
ಆ ಹಳೇದೆಲ್ಲಿ, ಯಾಕೆ ಉಟ್ಟು ಬಂದಿಲ್ಲ, ಅನ್ನುತ್ತಾರೆ.

ಹುಡುಗ ಲಂಗ ಜಗ್ಗಿದ.
ನನ್ನ ಬೆರಳಿಗೆ ಗೊತ್ತಿರುವುದು ಒಂದೇ ಉಪಾಯ.
ಬಿಚ್ಚಿದೆ: ಲ್, ಉ, ಜ್, ಆ, ಕ್.
ಮಗುಚಿದೆ.

ಕಾಜುಲ್, ಅಂದೆ.

ಯಾವ ಭಾಷೆ?
ಅಜ್ಜಿಯದು.
ಅರ್ಥ?
ಅಪ್ಪನಿಲ್ಲದವಳು ಅಂತ.
ಅದನ್ನೂ ಬರೆದುಕೊಳ್ಳುತ್ತಾನೇನೋ ಎಂದು ಕಾದೆ.
ಬರೆಯಲಿಲ್ಲ. ಬರೆದದ್ದು ಇಷ್ಟು:
ಉರ್ಸೂಲ್ ಎಂಬವಳು, ಕಾಜುಲ್ ಎಂದು ಹೇಳಿಕೊಳ್ಳುವವಳು,
ಸ್ವತಂತ್ರ ಮುಲಾಟೊ ಹೆಂಗಸು.
ಶ್ರೀಮತಿ ಇಲ್ಲ. ಅದು ನಮಗೆ ಸಲ್ಲುವುದಿಲ್ಲ.
ಹಸಿ ಮಸಿಯ ಮೇಲೆ ಮರಳು ಚೆಲ್ಲಿ, ಊದಿ,
ಒಳ್ಳೇ ಕಾಡು ಹೆಸರು, ಎಂದು ನಕ್ಕ.

ಆ ವಾರವೇ ಅಪ್ಪನ ಕೋಟು ಬಿಚ್ಚಿದೆ, ಫಿರ್ಮೆನ್‌ನ ಅಳತೆಗೆ.
ಒಳಮೈ ಇನ್ನೂ ಕಡು ಕಂದು,
ಅಂಗಡಿಯಿಂದ ತಂದ ದಿನದ್ದೇ.
ಮಗುಚಿದ ಕೋಟಿಗೆ ತೊಂದರೆ ಒಂದೇ:
ಗುಂಡಿ ಬದಿ ಬದಲಿಸುತ್ತದೆ.
ಹಳೆಯ ಕಾಜಗಳನ್ನು ಎಷ್ಟು ಸಣ್ಣಗೆ ಹೊಲಿದು ಮುಚ್ಚಿದರೂ
ಮಾಗಿದ ಗಾಯದ ಹಾಗೆ ಒಂದು ಗೆರೆ ನಿಲ್ಲುತ್ತದೆ,
ಕಸುಬು ಬಲ್ಲವರಿಗೆ ಕಾಣುತ್ತದೆ.

ಭಾನುವಾರ ಇಗರ್ಜಿಗೆ ಹೊರಡುವಾಗ
ಹುಡುಗನ ಕೈ ಇನ್ನೂ
ಇಲ್ಲದ ಬದಿಯಲ್ಲೇ ಗುಂಡಿ ತಡಕುತ್ತದೆ.
ನಾನು ಹಲ್ಲಲ್ಲಿ ದಾರ ಕಚ್ಚಿಕೊಂಡು ನೋಡುತ್ತೇನೆ.